ದೇವಾಲಯ ಸಂಗೀತದ ಮಹಾಗುರು ಪಾಲೆಸ್ತ್ರೀನಾ

ಒಂದು ಧರ್ಮಕೇಂದ್ರಕ್ಕೆ ನೂರು ವರ್ಷ ತುಂಬಿದಾಗ ಅಲ್ಲಿನ ಗೋಡೆ-ಗೋಪುರಗಳೊಡನೆ ಅಲ್ಲಿ ಮೊಳಗಿದ ಪ್ರಾರ್ಥನೆಗೂ ಹಾಡಿಗೂ ನೂರು ತುಂಬುತ್ತದೆ. ದೇವಾಲಯವನ್ನು ಕಟ್ಟಿದವರು, ಬಿಸಿಲು-ಬರಗಳೆನ್ನದೆ ಊರೂರು ಸುತ್ತಿದ ಗುರುಗಳು, ಉಪದೇಶಿಗಳು, ಕನ್ಯಾಸ್ತ್ರೀಯರು ಇವರೆಲ್ಲರ ಸ್ಮರಣೆ ಇಂಥ ಸಂಚಿಕೆಗಳಲ್ಲಿ ಯಥೋಚಿತವಾಗಿ ನಡೆಯುತ್ತದೆ. ಬಲಿಪೂಜೆಯಲ್ಲಿ ನಾವು ಹಾಡುವ ಹಾಡು ಹೇಗಿರಬೇಕೆಂಬುದನ್ನು ತಮ್ಮ ಬಾಳಿನುದ್ದಕ್ಕೂ ಶೋಧಿಸಿದ ಒಬ್ಬ ಮಹನೀಯರನ್ನು ಈ ಪುಟಗಳಲ್ಲಿ ಸ್ಮರಿಸುವುದು ನಮ್ಮ ಉದ್ದೇಶ. ಅವರೇ ಇಟಲಿಯ ಜೊವಾನ್ನಿ ಪಿಯೆರ್‌ಲುಯಿಜಿ. ಹುಟ್ಟಿದ ಊರಿನ ಹೆಸರಿನಿಂದಲೇ ಅವರು ಲೋಕಕ್ಕೆಲ್ಲ ಪಾಲೆಸ್ತ್ರೀನಾ ಎಂದು ಪರಿಚಿತರು.

ರೋಮಿನ ಸಂಗೀತಗಾರನಿಗೂ ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸೀಮೆಗೂ ಏನು ನಂಟು ಎಂದು ಓದುಗರು ಕೇಳಬಹುದು. ಕೃಷ್ಣೆ-ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ವಿಜಯನಗರದ ಅರಸರೂ ವಿಜಾಪುರದ ಸುಲ್ತಾನರೂ ಸೆಣಸುತ್ತಿದ್ದ ಹದಿನಾರನೆಯ ಶತಮಾನದಲ್ಲಿಯೇ ಪಾಲೆಸ್ತ್ರೀನಾ ಬಾಳಿದ್ದರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕಥೋಲಿಕ ಸಮುದಾಯವು ತನ್ನ ಮೂಲವನ್ನು ಗುರುತಿಸುವುದೂ ಅದೇ ಶತಮಾನದಲ್ಲಿ. 1564ರಲ್ಲಿ ಪುರಂದರದಾಸರು ಹಂಪೆಯಲ್ಲಿ ದೇಹವಿಟ್ಟರೆಂದು ಸಂಪ್ರದಾಯ ಹೇಳುತ್ತದೆ. 1565ರ ಜನವರಿಯಲ್ಲಿ ತಾಳೀಕೋಟೆಯ ಕಾಳಗ ನಡೆದು ವಿಜಯನಗರದ ವೈಭವ ಮುರಿದುಬಿದ್ದಿತು. ಅದಾಗಿ ಮೂರು ತಿಂಗಳಾಗುವಷ್ಟರಲ್ಲಿ ರೋಮಿನಲ್ಲಿ ಇಬ್ಬರು ಕಾರ್ಡಿನಲ್ಲರು ಗಾಯಕರನ್ನು ಎದುರಿಗೆ ಕೂರಿಸಿಕೊಂಡು, ಹಾಡಿನಲ್ಲಿ ಪ್ರಾರ್ಥನೆಯ ಮಾತು ಕೇಳಿಸುವುದೋ ಇಲ್ಲವೋ ಎಂದು ಪರೀಕ್ಷಿಸಿದರು. ದಾಸರು ಕನ್ನಡದ ಮಾತನ್ನು ಹಾಡಿನಲ್ಲಿ ಬೆಳಗಿಸಿ ಜನರ ಮನೆಬಾಗಿಲಿಗೆ ಒಯ್ದ ಕಾಲದಲ್ಲಿಯೇ ಅತ್ತ ಧರ್ಮಸಭೆಯೂ ಹಾಡಿನಲ್ಲಿ ಮಾತಿನ ಸ್ಥಾನವೇನೆಂದು ಚಿಂತಿಸುತ್ತಿತ್ತು. ಈ ಚಿಂತನೆಯ ನಡುವೆ ನಿಂತವರು ಪಾಲೆಸ್ತ್ರೀನಾ.

ಆ ಚಿಂತೆ ಹುಟ್ಟಿದ್ದೇಕೆಂದು ತಿಳಿಯಲು ಕೊಂಚ ಹಿಂದಕ್ಕೆ ಹೋಗಬೇಕು. ಪ್ರಾಚೀನ ಧರ್ಮಸಭೆಯ ಹಾಡು ಒಂದೇ ಧಾಟಿಯದು. ಎಲ್ಲರೂ ಒಂದೇ ರಾಗವನ್ನು, ವಾದ್ಯಗಳ ನೆರವಿಲ್ಲದೆ, ಲತೀನ್ ಭಾಷೆಯಲ್ಲಿ ಹಾಡುತ್ತಿದ್ದರು. 590ರಿಂದ 604ರವರೆಗೆ ಜಗದ್ಗುರುಗಳಾಗಿದ್ದ ಮಹಾ ಸಂತ ಗ್ರೆಗೊರಿಯವರ ಹೆಸರಿನಿಂದ ಅದನ್ನು ಗ್ರೆಗೋರಿಯನ್ ಗಾನವೆಂದು ಕರೆಯುತ್ತಾರೆ. ಹನ್ನೊಂದನೆಯ ಶತಮಾನದಲ್ಲಿ ಆರೆತ್ಸೊ ನಗರದ ಗ್ವೀದೊ ಎಂಬ ಸಂನ್ಯಾಸಿ ಗೆರೆಗಳ ಮೇಲೆ ಸ್ವರಗಳನ್ನು ಬರೆದಿಡುವ ಕ್ರಮವನ್ನು ರೂಢಿಗೆ ತಂದರು. ನಮ್ಮಲ್ಲಿ ಸರಿಗಮ ಇರುವಂತೆ ಅವರಲ್ಲಿ ಸ್ವರಗಳಿಗೆ ಹೆಸರು ದೊರೆತದ್ದೂ ಅವರಿಂದಲೇ. ಸ್ನಾನಿಕ ಸಂತ ಯೊವಾನ್ನರ ಸ್ತುತಿಗೀತೆಯೊಂದರ ಸಾಲುಗಳ ಮೊದಲಕ್ಷರಗಳನ್ನು ಆಯ್ದು ಅವರು ಆ ಹೆಸರುಗಳನ್ನು ಇಟ್ಟರು. ಹಾಡನ್ನು ಬರೆದಿಡಲು ಸಾಧ್ಯವಾದ ಮೇಲೆ ಒಂದು ಧಾಟಿಯ ಜೊತೆಗೆ ಇನ್ನೊಂದನ್ನು, ಮತ್ತೊಂದನ್ನು ಹೆಣೆಯುವುದು ಸುಲಭವಾಯಿತು. 1200ರ ಸುಮಾರಿಗೆ ಪ್ಯಾರಿಸ್ಸಿನ ದೇವಮಾತೆಯ ಪ್ರಧಾನಾಲಯದಲ್ಲಿ ಮೂರು ನಾಲ್ಕು ಧಾಟಿಗಳು ಏಕಕಾಲದಲ್ಲಿ ಮೊಳಗತೊಡಗಿದವು.

ನಮ್ಮ ಭಜನೆಯಲ್ಲಾಗಲಿ, ಭತ್ತದ ನಾಟಿ ಮಾಡುವಾಗ ಹೆಣ್ಣುಮಕ್ಕಳು ಹಾಡುವ ಹಾಡಿನಲ್ಲಾಗಲಿ ಒಬ್ಬರು ಹೇಳಿದ್ದನ್ನು ಉಳಿದವರು ಅದೇ ರಾಗದಲ್ಲಿ ಹೇಳುತ್ತಾರೆ. ಬಹುಧಾಟಿಯ ಗಾಯನದಲ್ಲಾದರೋ ನಾಲ್ಕು ಗುಂಪು ನಾಲ್ಕು ರಾಗಗಳನ್ನು ಒಟ್ಟಿಗೆ ಹಾಡಿದರೂ ಅವು ಒಂದಕ್ಕೊಂದು ಹೊಂದಿ ಒಂದೇ ನಾದವಾಗುತ್ತವೆ. ಒಂದೇ ಜಲಾಶಯದ ನೀರು ಹಲವು ಕಾಲುವೆಗಳಲ್ಲಿ ಹರಿದು ಒಂದೇ ಬಯಲನ್ನು ತಣಿಸುವಂತೆ ಅದು. ಆದರೆ ಕಲೆ ಬೆಳೆದಂತೆ ಒಂದು ದೋಷವೂ ಬೆಳೆಯಿತು. ಒಂದು ಗುಂಪು ಪ್ರಾರ್ಥನೆಯ ಮೊದಲ ಪದದಲ್ಲಿರುವಾಗ ಮತ್ತೊಂದು ಐದನೆಯ ಪದದಲ್ಲಿರುತ್ತಿತ್ತು. ಒಂದೇ ಅಕ್ಷರವನ್ನು ಬಹು ದೀರ್ಘವಾಗಿ ಎಳೆಯುತ್ತಿದ್ದರು. ಬೀದಿಯ ಪ್ರೇಮಗೀತೆಗಳ, ಯುದ್ಧಗೀತೆಗಳ ಧಾಟಿಗಳೂ ಬಲಿಪೂಜೆಯ ಸಂಗೀತದೊಳಗೆ ನುಸುಳಿದ್ದವು. ನಾದವೇನೋ ಇಂಪಾಗಿತ್ತು; ಪ್ರಾರ್ಥನೆ ಮಾತ್ರ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಇಂಥ ಕಾಲದಲ್ಲಿ, 1525ರ ಸುಮಾರಿಗೆ, ರೋಮಿನ ಪೂರ್ವಕ್ಕಿರುವ ಪಾಲೆಸ್ತ್ರೀನಾ ಎಂಬ ಸಣ್ಣ ಪಟ್ಟಣದಲ್ಲಿ ನಮ್ಮ ಕಥಾನಾಯಕರು ಜನಿಸಿದರು. ತಂದೆ ಸಾಂತೊ, ತಾಯಿ ಪಾಲ್ಮ. ಹತ್ತು ಹನ್ನೊಂದರ ಪ್ರಾಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕ, 1537ರ ಹೊತ್ತಿಗೆ ರೋಮಿನ ಮಹಾ ಸಂತ ಮರಿಯಮ್ಮನವರ ಬಸಿಲಿಕದಲ್ಲಿ ಗಾಯಕ ಬಾಲಕರಲ್ಲೊಬ್ಬನಾಗಿದ್ದನು. ಹಾಡುವ ಹುಡುಗರಿಗೆ ಅಲ್ಲಿಯೇ ಊಟ, ವಸತಿ, ವಿದ್ಯೆ ದೊರೆಯುತ್ತಿದ್ದವು. ತಾಯಿಲ್ಲದ ಆ ಹುಡುಗನಿಗೆ ದೇವಮಾತೆಯ ಆಲಯವೇ ತಾಯಿಮನೆಯಾಯಿತೆಂದು ನಾವು ಭಾವಿಸಿದರೆ ತಪ್ಪಾಗಲಾರದು.

1544ರಲ್ಲಿ ಅವರು ಹುಟ್ಟೂರಿಗೆ ಮರಳಿ ಅಲ್ಲಿನ ಸಂತ ಅಗಾಪಿತರ ಪ್ರಧಾನಾಲಯದಲ್ಲಿ ಕೆಲಸಕ್ಕೆ ಸೇರಿದರು. ಹಬ್ಬದ ದಿನಗಳಲ್ಲಿ ಆರ್ಗನ್ ನುಡಿಸುವುದು, ದಿನನಿತ್ಯದ ಪೂಜೆಗಳಲ್ಲಿ ಹಾಡುವುದು, ಗುರುಗಳಿಗೂ ಹುಡುಗರಿಗೂ ಗಾಯನ ಕಲಿಸುವುದು ಅವರ ಕರ್ತವ್ಯಗಳಾಗಿದ್ದವು. ಇಂದು ನಮ್ಮ ಊರುಗಳಲ್ಲಿ ಗಾನವೃಂದ ನಡೆಸುವವರ ಕೆಲಸವೂ ಹೆಚ್ಚುಕಡಿಮೆ ಇದೇ ಅಲ್ಲವೇ? 1547ರಲ್ಲಿ ಅವರು ಲುಕ್ರೇತ್ಸಿಯಾ ಗೋರಿ ಎಂಬಾಕೆಯನ್ನು ವಿವಾಹವಾದರು. ರೊದೊಲ್ಫೊ, ಆಂಜೆಲೊ, ಇಜೀನಿಯೊ ಎಂಬ ಮೂವರು ಗಂಡುಮಕ್ಕಳು ಜನಿಸಿದರು.

ಆಗ ಆ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ದೆಲ್ ಮೊಂತೆಯವರು 1550ರಲ್ಲಿ ಮೂರನೆಯ ಜೂಲಿಯಸ್ ಎಂಬ ಹೆಸರಿನಿಂದ ಜಗದ್ಗುರುಗಳಾದರು. ತಮ್ಮ ಊರಿನ ಆರ್ಗನ್ ವಾದಕನನ್ನು ಅವರು ಮರೆಯಲಿಲ್ಲ. 1551ರಲ್ಲಿ ಪಾಲೆಸ್ತ್ರೀನಾ ರೋಮಿನ ಸಂತ ಪೇತ್ರರ ಮಹಾದೇವಾಲಯದ ಜೂಲಿಯಾ ಗಾಯನಮಂಡಲಿಗೆ ಗುರುವಾಗಿ ನೇಮಕಗೊಂಡರು. ಆ ದಿನಗಳಲ್ಲಿ ಸಂತ ಪೇತ್ರರ ದೇವಾಲಯವು ಅರ್ಧ ಕೆಡವಿದ ಹಳೆಯ ಕಟ್ಟಡವೂ ಅರ್ಧ ಎದ್ದುನಿಂತ ಹೊಸ ಕಟ್ಟಡವೂ ಆಗಿತ್ತು. ಮಹಾಶಿಲ್ಪಿ ಮೈಕೆಲೆಂಜೆಲೊ ಅದರ ಹೊಣೆ ಹೊತ್ತಿದ್ದರು. ಇಂದು ಲೋಕವೆಲ್ಲ ಬಲ್ಲ ಅದರ ಗುಮ್ಮಟ ಪೂರ್ಣವಾದದ್ದು 1590ರಲ್ಲಿ. ಕಲ್ಲುಕುಟಿಗರ ಸದ್ದಿನ ನಡುವೆ, ಮುಗಿಯದ ಗೋಡೆಗಳ ನೆರಳಿನಲ್ಲಿ ನಮ್ಮ ಗಾಯನಗುರು ಹುಡುಗರಿಗೆ ಸ್ವರ ಕಲಿಸಿದರು. 1554ರಲ್ಲಿ ತಮ್ಮ ಮೊದಲ ಬಲಿಪೂಜಾ ಸಂಗೀತ ಗ್ರಂಥವನ್ನು ಮುದ್ರಿಸಿ ಜೂಲಿಯಸರಿಗೆ ಅರ್ಪಿಸಿದರು.

ಮರುವರ್ಷ, 1555ರ ಜನವರಿಯಲ್ಲಿ, ಜಗದ್ಗುರುಗಳು ಅವರನ್ನು ತಮ್ಮ ಸ್ವಂತ ಗಾಯನಮಂಡಲಿಯಾದ ಸಿಸ್ಟೈನ್ ಪ್ರಾರ್ಥನಾಲಯಕ್ಕೆ ಸೇರಿಸಿದರು. ವಾಡಿಕೆಯ ಪರೀಕ್ಷೆ ನಡೆಯಲಿಲ್ಲ. ಉಳಿದ ಗಾಯಕರ ಒಪ್ಪಿಗೆಯನ್ನೂ ಕೇಳಲಿಲ್ಲ. ವಿವಾಹಿತರಿಗೆ ಅಲ್ಲಿ ಸ್ಥಾನವಿಲ್ಲವೆಂಬ ನಿಯಮವನ್ನೂ ಬದಿಗಿರಿಸಲಾಯಿತು. ಈ ಅನುಗ್ರಹದಲ್ಲಿಯೇ ಮುಂದಿನ ಸಂಕಟದ ಬೀಜವಿತ್ತು.

ಎರಡೇ ತಿಂಗಳಲ್ಲಿ ಜೂಲಿಯಸರು ತೀರಿಕೊಂಡರು. ಏಪ್ರಿಲಿನಲ್ಲಿ ಎರಡನೆಯ ಮಾರ್ಸೆಲ್ಲಸರು ಪೀಠವೇರಿದರು. ಶುಭ ಶುಕ್ರವಾರದಂದು ಅವರು ಗಾಯಕರನ್ನು ಕರೆಸಿ, ಪ್ರಭುವಿನ ಯಾತನೆಯನ್ನು ನೆನೆಯುವ ದಿನದ ಹಾಡು ಆ ದಿನದ ದುಃಖಕ್ಕೆ ಒಪ್ಪುವಂತಿರಬೇಕೆಂದೂ ಹಾಡುವ ಮಾತು ಜನರಿಗೆ ಕೇಳಿಸಿ ಅರ್ಥವಾಗಬೇಕೆಂದೂ ಬುದ್ಧಿ ಹೇಳಿದರು. ಆ ಗಾಯಕರಲ್ಲಿ ಪಾಲೆಸ್ತ್ರೀನಾ ಅವರೂ ಇದ್ದರು. ಇಪ್ಪತ್ತೆರಡೇ ದಿನ ಪೀಠದಲ್ಲಿದ್ದು ಮಾರ್ಸೆಲ್ಲಸರು ಕಾಲವಾದರು. ಅವರು ಹೇಳಿದ ಮಾತು ಮಾತ್ರ ಗಾಯಕನ ಮನಸ್ಸಿನಲ್ಲಿ ಉಳಿಯಿತೆಂಬುದಕ್ಕೆ ಮುಂದಿನ ಕೃತಿಯೇ ಸಾಕ್ಷಿ.

ಅವರ ಬಳಿಕ ಬಂದ ನಾಲ್ಕನೆಯ ಪೌಲರು ಶಿಸ್ತಿನಲ್ಲಿ ಕಟ್ಟುನಿಟ್ಟು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿವಾಹಿತರಾದ ಮೂವರು ಗಾಯಕರನ್ನು ಅವರು ಮಂಡಲಿಯಿಂದ ಬಿಡಿಸಿದರು. ಮೂವರಲ್ಲಿ ಪಾಲೆಸ್ತ್ರೀನಾ ಒಬ್ಬರು. ಅಲ್ಪ ಮಾಸಾಶನವೊಂದು ದೊರೆಯಿತಾದರೂ ಮೂವತ್ತರ ಹರೆಯದಲ್ಲಿ, ಹೆಂಡತಿ ಮಕ್ಕಳೊಡನೆ, ಕಲೆಯಲ್ಲಿ ಕುಂದಿಲ್ಲದಿದ್ದರೂ ಅತ್ಯುನ್ನತ ಸ್ಥಾನದಿಂದ ಕೆಳಗಿಳಿಯಬೇಕಾಗಿ ಬಂದಾಗ ಆ ಮನಸ್ಸು ಎಷ್ಟು ನೊಂದಿರಬೇಕು! ಅಂಥ ಸಂದರ್ಭದಲ್ಲಿ ಮುನಿಸಿಕೊಂಡು ದೇವಾಲಯದ ಮೆಟ್ಟಿಲನ್ನೇ ತುಳಿಯದಿರುವವರನ್ನು ನಾವು ಎಲ್ಲ ಊರುಗಳಲ್ಲಿಯೂ ಕಂಡಿದ್ದೇವೆ. ಪಾಲೆಸ್ತ್ರೀನಾ ಹಾಗೆ ಮಾಡಲಿಲ್ಲ. ಮರುತಿಂಗಳಲ್ಲಿಯೇ ಸಂತ ಯೊವಾನ್ನರ ಲಾತೆರನ್ ಬಸಿಲಿಕದ ಗಾಯನಗುರುವಾಗಿ ಕೆಲಸಕ್ಕೆ ತೊಡಗಿದರು. 1560ರಲ್ಲಿ, ಗಾಯಕ ಬಾಲಕರ ಪೋಷಣೆಯ ವೆಚ್ಚದ ಬಗ್ಗೆ ಅಲ್ಲಿನ ಆಡಳಿತದವರೊಡನೆ ವಿರಸ ಬಂದು, ಅದನ್ನು ತೊರೆದರು. ಮರುವರ್ಷ, ತಾವು ಬಾಲಕನಾಗಿ ಹಾಡಿದ್ದ ಮಹಾ ಸಂತ ಮರಿಯಮ್ಮನವರ ಬಸಿಲಿಕಕ್ಕೆ ಗುರುವಾಗಿ ಹಿಂತಿರುಗಿದರು. ಮುಂದೆ ಯೇಸುಸಭೆಯವರು ನಡೆಸುತ್ತಿದ್ದ ರೋಮನ್ ಗುರುಮಠದಲ್ಲಿ ಸಂಗೀತ ಕಲಿಸಿದರು.

ಈ ನಡುವೆ ಧರ್ಮಸಭೆಯ ಸುಧಾರಣೆಗಾಗಿ 1545ರಲ್ಲಿ ಆರಂಭಗೊಂಡಿದ್ದ ಟ್ರೆಂಟ್ ಮಹಾಸಭೆಯು 1562ರ ಸೆಪ್ಟೆಂಬರಿನಲ್ಲಿ ಬಲಿಪೂಜೆಯ ಸಂಗೀತದ ಪ್ರಶ್ನೆಯನ್ನೂ ಎತ್ತಿಕೊಂಡಿತು. ಆರ್ಗನ್ನಿನ ನುಡಿಸುವಿಕೆಯಲ್ಲಾಗಲಿ ಹಾಡಿನಲ್ಲಾಗಲಿ ಲೌಕಿಕ ಶೃಂಗಾರದ, ಅಪವಿತ್ರವಾದ ಅಂಶ ಬೆರೆಯಬಾರದೆಂದು ಅದು ವಿಧಿಸಿತು. ವಿವರಗಳನ್ನು ಆಯಾ ಪ್ರಾಂತ್ಯಗಳ ಧರ್ಮಾಧ್ಯಕ್ಷರಿಗೆ ಬಿಟ್ಟಿತು. ನಿರ್ಣಯಗಳನ್ನು ರೋಮಿನಲ್ಲಿ ಜಾರಿಗೊಳಿಸಲು ನಾಲ್ಕನೆಯ ಪಿಯುಸರು ಕಾರ್ಡಿನಲ್ಲರ ಸಮಿತಿಯೊಂದನ್ನು ನೇಮಿಸಿದರು. ಮುಂದೆ ಸಂತರೆನಿಸಿದ ಕಾರ್ಡಿನಲ್ ಚಾರ್ಲ್ಸ್ ಬೊರೊಮಿಯೊ, ಕಾರ್ಡಿನಲ್ ವಿತೆಲ್ಲೊತ್ಸಿ ಇವರಿಬ್ಬರು ಸಂಗೀತದ ವಿಚಾರವನ್ನು ವಹಿಸಿಕೊಂಡರು. 1565ರ ಏಪ್ರಿಲ್ 28ರಂದು ವಿತೆಲ್ಲೊತ್ಸಿಯವರ ಮನೆಯಲ್ಲಿ ಜಗದ್ಗುರುಗಳ ಗಾಯಕರು ಕೆಲವು ಬಲಿಪೂಜಾ ಸಂಗೀತಗಳನ್ನು ಹಾಡಿ ತೋರಿಸಿದರು. ಮಾತು ಸ್ಪಷ್ಟವಾಗಿ ಕೇಳುವುದೇ ಎಂಬುದೊಂದೇ ಅಂದಿನ ಪರೀಕ್ಷೆ. ನಾವು ಮೇಲೆ ಹೇಳಿದ ಪ್ರಸಂಗ ಇದೇ.

ಇದರ ಸುತ್ತ ಒಂದು ಸುಂದರ ಕಥೆ ಹಬ್ಬಿದೆ. ಬಹುಧಾಟಿಯ ಗಾಯನವನ್ನೇ ದೇವಾಲಯದಿಂದ ಹೊರದೂಡಲು ಧರ್ಮಸಭೆ ಸಿದ್ಧವಾಗಿತ್ತೆಂದೂ, ಆಗ ಪಾಲೆಸ್ತ್ರೀನಾ ಹೊಸ ಬಲಿಪೂಜಾ ಸಂಗೀತವೊಂದನ್ನು ರಚಿಸಿ ಕಾರ್ಡಿನಲ್ಲರ ಮನಗೆದ್ದು ಸಂಗೀತವನ್ನು ರಕ್ಷಿಸಿದರೆಂದೂ ಆ ಕಥೆ ಹೇಳುತ್ತದೆ. ಅವರು ತೀರಿಕೊಂಡು ಹತ್ತಾರು ವರ್ಷಗಳಾದ ಮೇಲೆ ಇದು ಬರಹಕ್ಕೆ ಇಳಿಯಿತು. 1828ರಲ್ಲಿ ಬಂದ ಅವರ ಜೀವನಚರಿತ್ರೆಯೊಂದರಿಂದ ಲೋಕವಿಖ್ಯಾತವಾಯಿತು. ಆದರೆ ಅಂದು ಹಾಡಿದ ಕೃತಿಗಳು ಯಾವುವೆಂದು ಗಾಯಕರ ದಿನಚರಿ ಹೇಳುವುದಿಲ್ಲ. ಮಹಾಸಭೆಯೂ ಅಂಥ ನಿಷೇಧವನ್ನು ಹೊರಡಿಸಲಿಲ್ಲ. ಭಕ್ತಿಯಿಂದ ಹೇಳುವ ಕಥೆಗೂ ನಡೆದ ಸಂಗತಿಗೂ ಇರುವ ಅಂತರವನ್ನು ತಿಳಿದಿರುವುದು ಒಳ್ಳೆಯದು. ಪಾಲೆಸ್ತ್ರೀನಾ ಅವರ ಹಿರಿಮೆಗೆ ಕಥೆಯ ಊರುಗೋಲು ಬೇಕಾಗಿಲ್ಲ.

1567ರಲ್ಲಿ ಅವರು ತಮ್ಮ ಎರಡನೆಯ ಬಲಿಪೂಜಾ ಸಂಗೀತ ಗ್ರಂಥವನ್ನು ಮುದ್ರಿಸಿದರು. ಆರು ಧಾಟಿಗಳಲ್ಲಿ ಹಾಡುವ ಅದರೊಳಗಿನ ಒಂದು ಕೃತಿಗೆ, ಹನ್ನೆರಡು ವರ್ಷಗಳ ಹಿಂದೆ ತೀರಿಹೋಗಿದ್ದ ಜಗದ್ಗುರು ಮಾರ್ಸೆಲ್ಲಸರ ಹೆಸರನ್ನು ಇರಿಸಿದ್ದರು. ಇಪ್ಪತ್ತೆರಡು ದಿನಗಳ ಆ ಜಗದ್ಗುರುವನ್ನು ಇಂದು ಲೋಕ ನೆನೆಯುವುದು ಬಹುಮಟ್ಟಿಗೆ ಈ ಸಂಗೀತದಿಂದಲೇ. ಅದರ ಕೌಶಲವನ್ನು ಸರಳವಾಗಿ ಹೀಗೆ ಹೇಳಬಹುದು. ಬಲಿಪೂಜೆಯಲ್ಲಿ ದಯಾಯಾಚನೆಯಂಥ ಪ್ರಾರ್ಥನೆಗಳಿಗೆ ಮಾತು ಕಡಿಮೆ. ಅವು ಎಲ್ಲರಿಗೂ ಕಂಠಪಾಠ. ಅಲ್ಲಿ ಧಾಟಿಗಳು ಒಂದರ ಹಿಂದೆ ಒಂದು ಏಳುತ್ತ ಬಳ್ಳಿಯಂತೆ ಹೆಣೆದುಕೊಳ್ಳಲು ಅವರು ಬಿಟ್ಟರು. ಮಹಿಮಾಗೀತೆ, ವಿಶ್ವಾಸ ಪ್ರಕಟಣೆ ಇವುಗಳಿಗಾದರೋ ಮಾತು ಹೆಚ್ಚು. ಅಲ್ಲಿ ಹಾಡುವ ಧಾಟಿಗಳೆಲ್ಲ ಬಹುಮಟ್ಟಿಗೆ ಒಂದೇ ಅಕ್ಷರವನ್ನು ಒಂದೇ ಕ್ಷಣದಲ್ಲಿ ಉಚ್ಚರಿಸುವಂತೆ ಮಾಡಿದರು. ಆರೂ ಧಾಟಿಗಳನ್ನು ಸದಾ ದುಡಿಸದೆ ಒಮ್ಮೆ ಮೂರು, ಒಮ್ಮೆ ನಾಲ್ಕನ್ನು ಬಳಸಿ, ಮುಖ್ಯವಾದ ಎಡೆಗಳಲ್ಲಿ ಮಾತ್ರ ಆರನ್ನೂ ಕೂಡಿಸಿದರು. ಅವರ ರಾಗಗಳು ಹೆಚ್ಚಾಗಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುತ್ತವೆ. ಒಮ್ಮೆ ಮೇಲಕ್ಕೆ ಹಾರಿದರೆ ಕೂಡಲೇ ಮೆಲ್ಲನೆ ಕೆಳಗಿಳಿಯುತ್ತವೆ. ಕರ್ಕಶ ಸ್ವರ ಬಂದರೂ ಅದಕ್ಕೆ ಮೊದಲೇ ದಾರಿ ಸಿದ್ಧಪಡಿಸಿ, ಬಳಿಕ ಅದನ್ನು ಇಂಪಿನಲ್ಲಿ ತಣಿಸುತ್ತಾರೆ. ಹೀಗೆ ಮಾತು ಉಳಿಯಿತು, ಸೌಂದರ್ಯವೂ ಉಳಿಯಿತು.

1571ರಲ್ಲಿ ಅವರು ಜೂಲಿಯಾ ಗಾಯನಮಂಡಲಿಗೆ ಮರಳಿ ಬಂದು ಕೊನೆಯ ಉಸಿರಿನವರೆಗೂ ಅಲ್ಲಿಯೇ ಸೇವೆ ಸಲ್ಲಿಸಿದರು. ಕೀರ್ತಿ ಬೆಳೆಯುತ್ತಿದ್ದ ಈ ಕಾಲದಲ್ಲಿಯೇ ದುಃಖಗಳೂ ಒಂದರ ಮೇಲೊಂದು ಎರಗಿದವು. 1572ರಲ್ಲಿ ಅವರು ಪ್ರಕಟಿಸಿದ ಸ್ತೋತ್ರಗೀತೆಗಳ ಸಂಪುಟವೊಂದರಲ್ಲಿ ತಮ್ಮ ರಚನೆಗಳ ಜೊತೆಗೆ ಮಕ್ಕಳಾದ ರೊದೊಲ್ಫೊ, ಆಂಜೆಲೊ ಇವರ ಮತ್ತು ತಮ್ಮನಾದ ಸಿಲ್ಲಾನ ರಚನೆಗಳನ್ನೂ ಸೇರಿಸಿದ್ದರು. ಮನೆಯೇ ಒಂದು ಗಾನವೃಂದವಾಗಿದ್ದುದರ ಗುರುತು ಆ ಪುಸ್ತಕ. ಅದೇ ವರ್ಷ ರೊದೊಲ್ಫೊ ತೀರಿಕೊಂಡನು. ಅದರ ಬೆನ್ನಲ್ಲೇ 1573ರಲ್ಲಿ ಸಿಲ್ಲಾ, 1575ರಲ್ಲಿ ಆಂಜೆಲೊ. ರೋಗರುಜಿನಗಳು ಇಟಲಿಯ ನಗರಗಳನ್ನು ಕಾಡುತ್ತಿದ್ದ ದಿನಗಳವು. 1580ರಲ್ಲಿ ಪತ್ನಿ ಲುಕ್ರೇತ್ಸಿಯಾ ಕೂಡ ಅಗಲಿದಳು. ಒಂದೇ ಪುಸ್ತಕದಲ್ಲಿ ಒಟ್ಟಿಗೆ ಹಾಡಿದ್ದ ನಾಲ್ಕು ದನಿಗಳಲ್ಲಿ ಉಳಿದದ್ದು ತಂದೆಯದೊಂದೇ.

ಲೋಕ ಸಾಕೆನಿಸಿದ ಪಾಲೆಸ್ತ್ರೀನಾ ಗುರುದೀಕ್ಷೆ ಪಡೆಯಲೆಣಿಸಿ ಅದರ ಮೊದಲ ಹೆಜ್ಜೆಗಳನ್ನೂ ಇಟ್ಟರು. ಆದರೆ 1581ರ ಫೆಬ್ರವರಿಯಲ್ಲಿ ಮನಸ್ಸು ಬದಲಿಸಿ, ತುಪ್ಪುಳುಚರ್ಮದ ವ್ಯಾಪಾರಿಯೊಬ್ಬನ ವಿಧವೆಯಾದ ವಿರ್ಜೀನಿಯಾ ದೋರ್ಮೊಲಿಯನ್ನು ಮದುವೆಯಾದರು. ಆ ವ್ಯಾಪಾರವನ್ನೂ ಜಾಣ್ಮೆಯಿಂದ ನಡೆಸಿದರು. ಮಹಾನುಭಾವರ ಚರಿತ್ರೆ ಬರೆಯುವಾಗ ಕೆಲವರು ಇಂಥ ಸಂಗತಿಗಳನ್ನು ಮುಚ್ಚಿಡುವುದುಂಟು. ಅವರು ಸಂತರೆಂದು ಧರ್ಮಸಭೆ ಸಾರಿಲ್ಲ. ನಾವೂ ಹಾಗೆ ಬಣ್ಣಿಸಬೇಕಾಗಿಲ್ಲ. ಸಂಬಳಕ್ಕಾಗಿ ಚೌಕಾಶಿ ಮಾಡಿದ, ಹಣದ ಲೆಕ್ಕ ಬಲ್ಲ, ಸಂಸಾರದ ಸುಖದುಃಖಗಳಲ್ಲಿ ಮುಳುಗೆದ್ದ ಗೃಹಸ್ಥರು ಅವರು. ವಿಯೆನ್ನಾದ ಚಕ್ರವರ್ತಿಯ ಆಸ್ಥಾನದಿಂದ 1568ರಲ್ಲಿ ಬಂದ ಕರೆ ನಿಂತುಹೋದದ್ದು ಸಹ ಅವರು ಕೇಳಿದ ಸಂಬಳ ಹೆಚ್ಚಾಯಿತೆಂದೇ. ದೇವರ ಸೇವೆಗೆ ಒದಗಿದ್ದು ಇಂಥ ಸಾಧಾರಣ ಮನುಷ್ಯನ ಅಸಾಧಾರಣ ವಿದ್ಯೆ ಎಂಬುದೇ ನಮ್ಮಂಥ ಗೃಹಸ್ಥರಿಗೆ ಧೈರ್ಯ ತರುವ ಮಾತು.

ಎರಡನೆಯ ಮದುವೆಯ ನಂತರದ ಹದಿಮೂರು ವರ್ಷಗಳಲ್ಲಿ ಅವರ ಗ್ರಂಥಗಳು ಒಂದರ ಹಿಂದೆ ಒಂದರಂತೆ ಮುದ್ರಣಗೊಂಡವು. 1584ರಲ್ಲಿ ಪರಮಗೀತೆಯ ವಚನಗಳಿಗೆ ಅಳವಡಿಸಿದ ಸಂಗೀತವನ್ನು ಪ್ರಕಟಿಸುವಾಗ, ಯೌವನದಲ್ಲಿ ಪ್ರೇಮಗೀತೆಗಳಿಗೆ ರಾಗ ಕಟ್ಟಿದ್ದಕ್ಕಾಗಿ ತಾವು ನಾಚುವುದಾಗಿ ಅವರು ಬರೆದುಕೊಂಡರು. ಶಿಲುಬೆಯ ಬಳಿ ನಿಂತ ದೇವಮಾತೆಯ ಶೋಕಗೀತೆಗೆ ಎರಡು ಗಾನವೃಂದಗಳು ಪರಸ್ಪರ ಉತ್ತರ ಕೊಡುವಂತೆ ರಚಿಸಿದ ಸಂಗೀತವೂ ಅವರ ಇಳಿವಯಸ್ಸಿನದು. ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬನು ಮಗನನ್ನು ಕಳೆದುಕೊಂಡ ತಾಯಿಯ ದುಃಖವನ್ನು ಹಾಡಿದ್ದು ಅದು. ಒಟ್ಟು 104 ಬಲಿಪೂಜಾ ಸಂಗೀತಗಳನ್ನೂ ಮುನ್ನೂರಕ್ಕೂ ಮಿಗಿಲಾದ ಸ್ತೋತ್ರಗೀತೆಗಳನ್ನೂ ಅವರು ಬಿಟ್ಟುಹೋದರು. 1594ರ ಫೆಬ್ರವರಿ 2ರಂದು, ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದ ದಿನ, ರೋಮಿನಲ್ಲಿ ಕಣ್ಣುಮುಚ್ಚಿದರು. ಸಂತ ಪೇತ್ರರ ಹಳೆಯ ದೇವಾಲಯದಲ್ಲಿ ಅವರನ್ನು ಸಮಾಧಿ ಮಾಡಿದರು. ಹೊಸ ಕಟ್ಟಡದ ಕೆಲಸದಲ್ಲಿ ಆ ಸಮಾಧಿಯ ಗುರುತು ಅಳಿಸಿಹೋಯಿತು. ಹಾಡು ಮಾತ್ರ ಉಳಿಯಿತು.

ಅವರ ಬಳಿಕ ಕಾಲ ಹೊರಳಿತು. ಬರೋಕ್ ಯುಗದಲ್ಲಿ ವಾದ್ಯವೈಭವ ಹೆಚ್ಚಿತು. ಆದರೂ 1725ರಲ್ಲಿ ವಿಯೆನ್ನಾದ ಫುಕ್ಸ್ ಎಂಬ ಸಂಗೀತಗಾರರು ಬರೆದ ಪಠ್ಯಗ್ರಂಥಕ್ಕೆ ಪಾಲೆಸ್ತ್ರೀನಾ ಅವರ ಶೈಲಿಯೇ ಮಾದರಿಯಾಯಿತು. ಜರ್ಮನಿಯ ಲೂಥರನ್ ಪಂಥದ ಮಹಾಸಂಗೀತಗಾರ ಬಾಖ್ ಕೂಡ ಅವರ ಬಲಿಪೂಜಾ ಸಂಗೀತವೊಂದನ್ನು ತಮ್ಮ ಗಾಯಕರಿಗಾಗಿ ಅಳವಡಿಸಿಕೊಂಡರು. 1903ರಲ್ಲಿ ಸಂತ ಹತ್ತನೆಯ ಪಿಯುಸರು ದೇವಾಲಯ ಸಂಗೀತದ ಬಗ್ಗೆ ಹೊರಡಿಸಿದ ಪತ್ರದಲ್ಲಿ ಗ್ರೆಗೋರಿಯನ್ ಗಾನದ ನಂತರ ಪಾಲೆಸ್ತ್ರೀನಾ ಅವರ ಪರಂಪರೆಗೆ ಗೌರವದ ಸ್ಥಾನವಿತ್ತರು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆ ಪರಂಪರೆಯನ್ನು ಕಾಪಾಡುವಂತೆ ಹೇಳುತ್ತಲೇ ಆರಾಧನೆಯಲ್ಲಿ ಜನರ ಭಾಷೆಗೂ ಬಾಗಿಲು ತೆರೆಯಿತು.

ಆ ಬಾಗಿಲಿನಿಂದ ನಮ್ಮ ಕನ್ನಡವು ಪೀಠದ ಬಳಿಗೆ ಬಂದಿತು. ನಮ್ಮ ಹಿರಿಯರು ಅರ್ಥ ತಿಳಿಯದಿದ್ದರೂ ಭಕ್ತಿಯಿಂದ ಕೇಳಿದ ಲತೀನ್ ಪ್ರಾರ್ಥನೆಗಳು ಇಂದು ಹೊಲದಿಂದ ಬಂದ ಅಜ್ಜಿಗೂ ಶಾಲೆಯ ಮಗುವಿಗೂ ತಿಳಿಯುವ ಮಾತುಗಳಾಗಿವೆ. ನಮ್ಮ ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ಕೂಡ ಪಂಡಿತರ ಸಂಸ್ಕೃತದಲ್ಲಿರದೆ ಪ್ರಾಕೃತದಲ್ಲಿದೆ. ಮಾತು ಜನರನ್ನು ಮುಟ್ಟಬೇಕೆಂಬ ಹಂಬಲ ಈ ಸೀಮೆಗೆ ಅಷ್ಟು ಹಳೆಯದು. ಆದರೆ ಒಂದು ಮಾತನ್ನು ನಾವು ಹೇಳದಿರಲಾರೆವು. ಕೀಬೋರ್ಡಿನ ಅಬ್ಬರದಲ್ಲಿ, ಧ್ವನಿವರ್ಧಕದ ಗದ್ದಲದಲ್ಲಿ, ಸಿನಿಮಾ ಧಾಟಿಯ ಎಳೆತದಲ್ಲಿ ಕನ್ನಡದ ಪ್ರಾರ್ಥನೆಯೇ ಮುಳುಗಿಹೋದರೆ ನಮಗೂ ನಾನೂರು ವರ್ಷಗಳ ಹಿಂದಿನವರಿಗೂ ಏನು ವ್ಯತ್ಯಾಸ ಉಳಿಯಿತು? ಅಂದು ಕಾರ್ಡಿನಲ್ಲರು ನಡೆಸಿದ ಪರೀಕ್ಷೆಯನ್ನು ನಮ್ಮ ಗಾನವೃಂದಗಳೂ ಆಗಾಗ ನಡೆಸಿಕೊಳ್ಳಬೇಕು. ಕೊನೆಯ ಸಾಲಿನಲ್ಲಿ ಕುಳಿತ, ಓದು ಬರಹ ಅರಿಯದ ಮುದುಕಿಗೆ ಮಾತು ಕೇಳಿಸಿತೇ ಎಂಬುದೇ ಆ ಪರೀಕ್ಷೆ.

ಪ್ರತಿವರ್ಷ ಫೆಬ್ರವರಿ 2ರಂದು ಮೇಣದಬತ್ತಿಗಳನ್ನು ಆಶೀರ್ವದಿಸಿ ಕೈಯಲ್ಲಿ ಹಿಡಿದು ನಾವು ದೇವಾಲಯವನ್ನು ಪ್ರವೇಶಿಸುತ್ತೇವೆ. ಪಾಲೆಸ್ತ್ರೀನಾ ತೀರಿಕೊಂಡ ದಿನವೂ ಅದೇ. ಎರಡನೆಯ ಶತಮಾನಕ್ಕೆ ಕಾಲಿಡುವ ಧರ್ಮಕೇಂದ್ರದ ಗಾಯಕರು ಅಂದು ಅವರ ಆತ್ಮಕ್ಕಾಗಿ ಒಂದು ಪ್ರಾರ್ಥನೆ ಸಲ್ಲಿಸಿ, ಒಂದು ಹಾಡನ್ನಾದರೂ ಪ್ರತಿ ಅಕ್ಷರ ಕೇಳಿಸುವಂತೆ ಹಾಡಲಿ. ಆ ಮಹಾಗುರುವಿಗೆ ನಾವು ಸಲ್ಲಿಸಬಹುದಾದ ಗುರುದಕ್ಷಿಣೆ ಅದಕ್ಕಿಂತ ಬೇರೊಂದಿಲ್ಲ.